ತಾತನ ಕೋವಿ, ನನ್ನ ಹೆಗಲು

ಕೊಡಗಿನ ಮನೆಗಳಲ್ಲಿ ಕೋವಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದು ಬರುತ್ತದೆ. ಅದನ್ನು ಮೊದಲು ಕೊಂಡವರ ಮೈಯಳತೆಯೂ ಜೊತೆಗೇ ಬರುತ್ತದೆ. ನನ್ನ ಪಾಲಿಗೆ ಬಂದದ್ದು ತಾತನ ಹನ್ನೆರಡು ಬೋರಿನ ಜೋಡಿ ನಳಿಗೆ, ಇಂಗ್ಲೆಂಡಿನಲ್ಲಿ ಮಾಡಿದ್ದು. ತಾತ ಆರಡಿಯ ಆಳು, ನಾನು ಐದಡಿಗಿಂತ ತುಸು ಹೆಚ್ಚು. ಅವರಿಗೆ ಹೇಳಿ ಮಾಡಿಸಿದಂತಿದ್ದ ಬಟ್, ಅಂದರೆ ಹಿಂಬದಿಯ ಮರ, ನಾನು ಎತ್ತುವಾಗ ಕಂಕುಳ ಬಳಿ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಹೆಗಲ ಗುಳಿಯಲ್ಲಿ ಕೂರಬೇಕಾದದ್ದು ತೋಳಿನ ಮೂಳೆಯ ಮೇಲೆ ಕೂರುತ್ತಿತ್ತು. ಟ್ರಿಗರ್ ಒತ್ತಿದಾಗಲೆಲ್ಲ ತೋಳು ಕಪ್ಪುಗಟ್ಟುತ್ತಿತ್ತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿಯಿಡಲು ಹೆಂಗಸರು ನಿಂತರೆ, "ಹನ್ನೆರಡು ಬೋರಿನ ಒದೆತ ಇವರಿಗೆ ತಡೆಯೋದಿಲ್ಲ" ಎನ್ನುವ ಮಾತು ಕೇಳಿಕೊಂಡೇ ಬೆಳೆದವಳು ನಾನು. ಒದೆತ ಎಲ್ಲರಿಗೂ ಒಂದೇ. ಅಳತೆಗೆ ಮೀರಿದ ಕೋವಿ ಹಿಡಿದವರಿಗೆ ಅದು ಹೆಚ್ಚು ತಾಗುತ್ತದೆ, ಗಂಡಸಾದರೂ ಅಷ್ಟೆ.

ಬಟ್ ಕುಗ್ಗಿಸುತ್ತೇನೆ ಎಂದಾಗ ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯ ನಡುಕೋಣೆ ನೆಲ್ಲಕ್ಕಿಯಲ್ಲಿ ದೀಪದ ಮುಂದಿಟ್ಟು, ತೋಕ್ ಪೂ, ಅಂದರೆ ಕೋವಿ ಹೂ, ಏರಿಸಿ ನಾವು ಪೂಜಿಸುವ ವಸ್ತು ಅದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದದ್ದು ಇಂಥ ಕೋವಿಗಳಿಂದಲೇ. ಹಳೆಯ ಇಂಗ್ಲಿಷ್ ಕೋವಿಯ ಬಟ್ ಕೊಯ್ದರೆ ಬೆಲೆ ಇಳಿಯುತ್ತದೆ ಎಂಬುದೂ ನಿಜ. ಆದರೆ ಮಾರುವ ಯೋಚನೆ ನನಗಿಲ್ಲ. ವರ್ಷವಿಡೀ ಗೋಡೆಗೆ ಆನಿಸಿಟ್ಟು ಒಂದು ದಿನ ಹೂ ಏರಿಸುವುದಕ್ಕಿಂತ, ತಾತನ ಕೋವಿ ಮೊಮ್ಮಗಳ ಹೆಗಲಲ್ಲಿ ಕೆಲಸ ಮಾಡುವುದು ಅವರಿಗೆ ಸಲ್ಲಿಸುವ ದೊಡ್ಡ ಗೌರವ ಎಂದು ನನ್ನ ನಂಬಿಕೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ. ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಕಲಂ ಪ್ರಕಾರ ಕೋವಿಯ ರಿಪೇರಿ ಪರವಾನಗಿ ಉಳ್ಳವರ ಕೆಲಸ. ಪರವಾನಗಿ ಇಲ್ಲದೆ ನಳಿಗೆಯನ್ನು ಮೊಟಕು ಮಾಡುವುದನ್ನು 6ನೇ ಕಲಂ ನಿಷೇಧಿಸುತ್ತದೆ. ಹಾಗಾಗಿ ಬಟ್ ಬಿಚ್ಚುವುದನ್ನೂ ಮತ್ತೆ ಕೂಡಿಸುವುದನ್ನೂ ಪರವಾನಗಿ ಇರುವ ಅಂಗಡಿಯಲ್ಲೇ ಮಾಡಿಸಿದೆ. ಮನೆಗೆ ತಂದದ್ದು ಆಕ್ರೋಟಿನ ಮರದ ತುಂಡು ಮಾತ್ರ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅಳತೆ. ಬಟ್ಟಿನ ತುದಿಯನ್ನು ಮೊಣಕೈ ಮಡಿಕೆಗಿಟ್ಟು, ಬೆರಳು ಟ್ರಿಗರಿಗೆ ಎಟುಕುತ್ತದೆಯೇ ಎಂದು ನೋಡುವ ಪದ್ಧತಿ ನಮ್ಮಲ್ಲಿದೆ. ಅದರಿಂದ ತೋಳಿನ ಉದ್ದ ಗೊತ್ತಾಗುತ್ತದೆ. ಕುತ್ತಿಗೆ, ಎದೆ, ಹೆಗಲ ಅಗಲ ಅದರ ಲೆಕ್ಕಕ್ಕೆ ಬರುವುದಿಲ್ಲ. ಖಾಲಿ ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಮರಕ್ಕೆ ಒರಗಿಸಿ, ಹಿಡಿದ ಕೈಯ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಮೂರು ಬೆರಳ ಸಂದು ಉಳಿಯುತ್ತದೆಯೇ ಎಂದು ಇನ್ನೊಬ್ಬರಿಂದ ನೋಡಿಸುವುದು ಸರಿಯಾದ ದಾರಿ. ಹಾಗೆ ಎತ್ತುವ ಮೊದಲು ಪ್ರತಿ ಸಲವೂ ಕೋವಿ ಮಡಿಸಿ, ಎರಡೂ ನಳಿಗೆ ಖಾಲಿ ಇವೆಯೇ ಎಂದು ಕಣ್ಣಾರೆ ನೋಡಬೇಕು. ಉದ್ದವನ್ನು ಟ್ರಿಗರಿನಿಂದ ಬಟ್ಟಿನ ಹಿಂತುದಿಯ ನಡುವಿನವರೆಗೆ ಅಳೆಯುತ್ತಾರೆ. ಎರಡು ಟ್ರಿಗರ್ ಇರುವ ಕೋವಿಯಲ್ಲಿ ಮುಂದಿನದರಿಂದ ಅಳೆಯಬೇಕು. ತಾತನದು ಹದಿನಾಲ್ಕೂವರೆ ಅಂಗುಲವಿತ್ತು, ನನಗೆ ಬೇಕಿದ್ದದ್ದು ಹದಿಮೂರು ಕಾಲು.

ಇನ್ನು ಉಡುಪು. ರವಿಕೆಗೆ ಅಳತೆ ಕೊಡುವಷ್ಟೇ ಎಚ್ಚರ ಇಲ್ಲೂ ಬೇಕು, ಏನು ಉಟ್ಟು ಗುಂಡು ಹೊಡೆಯುತ್ತೇವೋ ಅದನ್ನೇ ಉಟ್ಟು ಅಳೆಸಬೇಕು. ಕೊಡವ ಸೀರೆಯ ಸೆರಗು ಬಲ ಹೆಗಲ ಮೇಲೆ ಬಂದು ನಿಲ್ಲುತ್ತದೆ. ಗಂಟು ಅಥವಾ ಪಿನ್ನು ಇರುವುದು ಬಟ್ಟಿನ ಮೇಲ್ತುದಿ ಕೂರುವ ಜಾಗದ ಹತ್ತಿರವೇ. ಪ್ಯಾಂಟು ಶರ್ಟಿನಲ್ಲಿ ಅಳೆಸಿಕೊಂಡು ಹಬ್ಬದ ದಿನ ಸೀರೆಯಲ್ಲಿ ನಿಂತರೆ ಲೆಕ್ಕವೆಲ್ಲ ಬದಲಾಗುತ್ತದೆ. ನಾನು ಸೀರೆಯಲ್ಲೇ ಅಳೆಸಿದೆ, ಪಿನ್ನನ್ನು ಕುತ್ತಿಗೆಯ ಕಡೆಗೆ ತುಸು ಸರಿಸಿದೆ.

ಕೊಯ್ಯುವ ಓರೆಯೂ ಉದ್ದದಷ್ಟೇ ಮುಖ್ಯ. ಬಟ್ಟಿನ ಹಿಂತುದಿ ನಳಿಗೆಗೆ ನೇರ ಲಂಬವಾಗಿರುವುದಿಲ್ಲ. ಕೆಳತುದಿ ಚೂಪಾಗಿ ಉಳಿದರೆ ಹೆಂಗಸರ ಎದೆಗೆ ಚುಚ್ಚುತ್ತದೆ, ಕೋವಿ ಮೇಲಕ್ಕೆ ಜಾರುತ್ತದೆ. ಆದ್ದರಿಂದ ಹಳೆಯ ಓರೆಗಿಂತ ಕೆಳಗಡೆ ಒಂದು ಎಳೆ ಹೆಚ್ಚು ಹೋಗುವಂತೆ ಗೆರೆ ಹಾಕಿದೆವು. ಕೊಯ್ದ ತುದಿಗೆ ಕೂರಿಸುವ ರಬ್ಬರ್ ಪ್ಯಾಡು ಒಂದಂಗುಲ ದಪ್ಪ. ಕುಗ್ಗಬೇಕಾದದ್ದು ಒಂದೂಕಾಲು ಅಂಗುಲವಾದರೆ ಕೊಯ್ಯಬೇಕಾದದ್ದು ಎರಡೂಕಾಲು. ಮೊದಲು ಅದಕ್ಕಿಂತ ಅರ್ಧ ಅಂಗುಲ ಕಡಿಮೆ ಕೊಯ್ದು, ಪ್ಯಾಡನ್ನು ಟೇಪಿನಿಂದ ಕಟ್ಟಿ, ಅಂಗಡಿಯಲ್ಲಿ ಕೂಡಿಸಿ ನೋಡಿ, ಆಮೇಲೆ ಉಳಿದದ್ದನ್ನು ತೆಗೆದೆವು. "ಮರ ಎಲ್ಲಿಗೂ ಓಡೋದಿಲ್ಲ, ಅಕ್ಕಾ" ಎಂದು ನಮ್ಮ ಆಚಾರಿ ನನ್ನ ಆತುರ ತಡೆದರು. ಅವರು ಗೆರೆಯ ಸುತ್ತ ಟೇಪು ಸುತ್ತಿ, ಚೂಪು ಚಾಕುವಿನಿಂದ ಗೀರಿ, ಆಮೇಲೆ ಸಣ್ಣ ಹಲ್ಲಿನ ಗರಗಸ ಹಿಡಿದರು. ಹಾಗೆ ಗೀರದಿದ್ದರೆ ಗರಗಸ ಹೊರಬೀಳುವ ಕಡೆ ಸಿಬಿರು ಏಳುತ್ತದೆ. ಎಷ್ಟೋ ಕೋವಿಗಳಲ್ಲಿ ಬಟ್ಟಿನ ಒಳಗೆ ಉದ್ದನೆಯ ಬೋಲ್ಟಿಗೆ ತೂತು ಕೊರೆದಿರುತ್ತಾರೆ. ಅಂಥಲ್ಲಿ ಪ್ಯಾಡಿನ ಸ್ಕ್ರೂಗೆ ಗಟ್ಟಿ ಮರ ಉಳಿಯುತ್ತದೆಯೇ ಎಂದು ಕೊಯ್ಯುವ ಮೊದಲೇ ನೋಡಬೇಕು.

ಕೊಯ್ದ ತುದಿಯಲ್ಲಿ ಮರದ ನಾರಿನ ಬಾಯಿಗಳೆಲ್ಲ ತೆರೆದಿರುತ್ತವೆ. ನಮ್ಮ ಮಳೆಗೆ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮತ್ತೆ ಹಚ್ಚಿ, ಮರ ಇನ್ನು ಕುಡಿಯುವುದಿಲ್ಲ ಎಂದಾದ ಮೇಲೆ ಪ್ಯಾಡು ಕೂರಿಸಿದೆವು. ಪ್ಯಾಡಿನ ಅಂಚನ್ನು ಬಟ್ಟಿಗೆ ಸರಿಯಾಗಿ ಉಜ್ಜಿ ತರುವುದು ನಿಧಾನದ ಕೆಲಸ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಹೇಳಬೇಕಾದದ್ದು ಗುರಿಯ ವಿಷಯ. ಬಟ್ ಕುಗ್ಗಿದರೆ ಕೆನ್ನೆ ಮುಂದಕ್ಕೆ ಸರಿಯುತ್ತದೆ. ಮರದ ಮೇಲಂಚು ಹಿಂದಕ್ಕೆ ಇಳಿಜಾರಾಗಿರುವುದರಿಂದ ಮುಂದೆ ಸರಿದ ಕೆನ್ನೆ, ಅದರ ಜೊತೆ ಕಣ್ಣು, ತುಸು ಮೇಲೇರುತ್ತದೆ. ಕಣ್ಣು ಅಂಗುಲದ ಹದಿನಾರನೇ ಒಂದು ಭಾಗ ಏರಿದರೆ 16 ಗಜ ದೂರದಲ್ಲಿ ಗುಂಡು ಸುಮಾರು ಒಂದಂಗುಲ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಹಾರುವ ಗುರಿಗೆ ಇದು ನಡೆದೀತು. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ನಡೆಯುವುದಿಲ್ಲ. ರೇಂಜಿನಲ್ಲಿ ದೊಡ್ಡ ಕಾಗದ ಹರಡಿ ಹೊಡೆದು ನೋಡಿದಾಗ ನನ್ನ ಗುಂಡು ಮೇಲೆ ಹೋಗುತ್ತಿರುವುದು ಖಚಿತವಾಯಿತು. ಕೆನ್ನೆ ಕೂರುವ ಜಾಗವನ್ನು ಕೆತ್ತಿ ತಗ್ಗಿಸುವ ದಾರಿ ಇತ್ತು, ತಾತನ ಕೆನ್ನೆಯಿಂದ ನುಣುಪಾದ ಆ ಮರವನ್ನು ಮುಟ್ಟಲು ಮನಸ್ಸಾಗಲಿಲ್ಲ. ಕಾಯಿಯ ಕೆಳಗಿನ ಅಂಚಿಗೆ ಗುರಿಯಿಡುವುದನ್ನು ರೂಢಿಸಿಕೊಂಡೆ. ಹಿಂಭಾಗದ ತೂಕ ಇಳಿದು ನಳಿಗೆ ಭಾರವೆನಿಸಿದ್ದೂ ಉಂಟು. ಪ್ಯಾಡಿನ ತೂಕ ಅದನ್ನು ಅರ್ಧಕ್ಕರ್ಧ ಸರಿದೂಗಿಸಿತು, ಉಳಿದದ್ದಕ್ಕೆ ಕೈ ಒಗ್ಗಿತು.

ತೋಳು ಈಗ ಕಪ್ಪುಗಟ್ಟುವುದಿಲ್ಲ. ಕೊಯ್ದ ತುಂಡನ್ನು ಎಣ್ಣೆ ಸವರಿ ಎತ್ತಿಟ್ಟಿದ್ದೇನೆ. ಮುಂದೆ ಉದ್ದ ಕೈಯವರ ಪಾಲಿಗೆ ಕೋವಿ ಹೋದರೆ ಅದನ್ನೇ ಕೂಡಿಸಿ ಉದ್ದ ಮಾಡಬಹುದು. ನಿಮ್ಮ ಮನೆಯಲ್ಲಿ ಗುರಿ ಕಲಿಯಬೇಕೆನ್ನುವ ಹೆಣ್ಣುಮಕ್ಕಳಿದ್ದರೆ, ಮೊದಲ ತೋಟೆ ಕೊಡುವ ಮುಂಚೆ ಅವರ ಹೆಗಲಿಗೆ ಕೋವಿಯ ಅಳತೆ ನೋಡಿಸಿ. ಬಟ್ ಕುಗ್ಗಿಸುವುದಿದ್ದರೆ ಕಾಫಿ ಕೊಯ್ಲು ಮುಗಿದು ಮರ ಒಣಗಿರುವ ದಿನಗಳಲ್ಲೇ ಮಾಡಿಸಿ, ಕಕ್ಕಡ ತಿಂಗಳ ಮಳೆಯಲ್ಲಿ ಬೇಡ.