ಕಂಬ ಕಂಡರೆ ತಂತಿ ಇದೆ ಎಂದೇ ಲೆಕ್ಕ: ಬೆಂಕಿ ಆರಿಸುವ ಹೆಲಿಕಾಪ್ಟರ್ ತರಬೇತಿಗೆ 9 ಸೂತ್ರಗಳು

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಕೆಳಗೆ ತೂಗುವ ಬಾಂಬಿ ಬಕೆಟ್‌ನಲ್ಲಿ ನೀರು ಹೊತ್ತು ತಂದು ಸುರಿದವು. 2024ರಲ್ಲಿ ನೈನಿತಾಲ್ ಸುತ್ತಲಿನ ಕಾಡ್ಗಿಚ್ಚಿಗೆ ಭೀಮತಾಲ್ ಸರೋವರದ ನೀರು ಹೀಗೆಯೇ ಹೋಯಿತು. ಇಂಥ ಕೆಲಸಕ್ಕೆ ಸಿದ್ಧರಾಗುವ ತರಬೇತಿಯಲ್ಲಿ ಬೆಂಕಿ ಇರುವುದಿಲ್ಲ. ಕರೆಂಟ್ ತಂತಿ ಮಾತ್ರ ನಿಜವಾದದ್ದೇ ಇರುತ್ತದೆ. ಆದ್ದರಿಂದ ಈ ಅಭ್ಯಾಸಗಳು ಮೊದಲ ದಿನದಿಂದಲೇ ಮೈಗೂಡಲಿ.

1. ನಕ್ಷೆ ನೋಡಿ, ಅದನ್ನೇ ನಂಬಿ ಕೂರಬೇಡಿ. ದೊಡ್ಡ ಹೈಟೆನ್ಷನ್ ಲೈನ್ ನಕ್ಷೆಯಲ್ಲಿ ಸಿಗಬಹುದು. ತೋಟದ ಪಂಪ್‌ಸೆಟ್‌ಗೆ ಎಳೆದ ಲೈನ್, ಹೋದ ತಿಂಗಳು ನಿಂತ ಕಂಬ ಸಿಗಲಾರವು. ಊರಿನ ಲೈನ್‌ಮನ್ ಮತ್ತು ಅರಣ್ಯ ರಕ್ಷಕರನ್ನು ಹಿಂದಿನ ದಿನವೇ ಕೇಳಿ.

2. ಇಳಿಯುವ ಮುನ್ನ ಎತ್ತರದಲ್ಲಿ ಸುತ್ತು ಹಾಕಿ. ಒಂದೇ ದಿಕ್ಕಿನಿಂದ ನೋಡಿದರೆ ಸಾಲದು. ಬಿಸಿಲಿಗೆ ಎದುರಾಗಿ ಹೋದಾಗ ಮಾಯವಾದ ತಂತಿ, ಹಿಂದಿರುಗುವಾಗ ಹೊಳೆಯಬಹುದು. ವೇಗದ ಲೆಕ್ಕವೂ ತಲೆಯಲ್ಲಿರಲಿ: 60 ನಾಟ್ ಎಂದರೆ ಸೆಕೆಂಡಿಗೆ ಸುಮಾರು 31 ಮೀಟರ್. ನೂರು ಮೀಟರ್ ದೂರದಲ್ಲಿ ತಂತಿ ಕಂಡರೆ ಕೈಯಲ್ಲಿ ಉಳಿಯುವುದು ಮೂರೇ ಸೆಕೆಂಡು.

3. ಕಣ್ಣು ಕಂಬ ಹುಡುಕಲಿ. ಹಸಿರು ಬೆಟ್ಟದ ಎದುರು ಮಾಸಿದ ತಂತಿ ಕಾಣುವುದೇ ಇಲ್ಲ. ಕಂಬ, ಟವರ್, ಕಾಡಿನ ನಡುವೆ ನೇರವಾಗಿ ಮರ ಕಡಿದ ಪಟ್ಟಿ ಕಾಣುತ್ತವೆ. ಅಡ್ಡಪಟ್ಟಿ ಮತ್ತು ಇನ್ಸುಲೇಟರ್ ನೋಡಿದರೆ ತಂತಿ ಯಾವ ಕಡೆ ಹೋಗಿದೆ ಎಂದು ತಿಳಿಯುತ್ತದೆ. ಕಂಬಕ್ಕೆ ಸ್ಟೇ ವೈರ್ ಬಿಗಿದಿದ್ದರೆ ಅಲ್ಲಿ ಲೈನ್ ತಿರುಗಿರಬಹುದು, ಇಲ್ಲವೇ ಮುಗಿದಿರಬಹುದು. ಬೆಟ್ಟದ ಅಂಚಿನಲ್ಲಿ ಒಂಟಿ ಟವರ್ ಕಂಡರೆ ಕಣಿವೆಗೆ ಅಡ್ಡಲಾಗಿ ತಂತಿ ಇದೆ ಎಂದೇ ತಿಳಿಯಿರಿ.

4. ಟವರ್ ತಲೆಯ ಮೇಲೆಯೇ ದಾಟಿ. ಎರಡು ಟವರ್‌ಗಳ ನಡುವೆ ತಂತಿ ತಗ್ಗಿದೆ ಎಂದು ಅಲ್ಲಿ ನುಗ್ಗಬೇಡಿ. 400 ಕೆವಿ ಲೈನಿನ ವಿದ್ಯುತ್ ತಂತಿ ಮೂರು ಸೆಂಟಿಮೀಟರ್‌ನಷ್ಟು ದಪ್ಪ. ಅದರ ಮೇಲೆ ಸಿಡಿಲಿನಿಂದ ಕಾಯಲು ಎಳೆದ ಅರ್ತ್ ವೈರ್ ಕೇವಲ 11 ಮಿಲಿಮೀಟರ್ ಇರಬಹುದು. ದಪ್ಪ ತಂತಿ ತಪ್ಪಿಸಲು ಮೇಲೇರಿದವರು ಸಣ್ಣದಕ್ಕೆ ಸಿಕ್ಕಿಬೀಳುತ್ತಾರೆ. ಟವರ್‌ನ ತುದಿ ದಾಟಿದರೆ ಎರಡನ್ನೂ ದಾಟಿದಂತೆ.

5. ನೀರು ತುಂಬುವ ಜಾಗವನ್ನು ಅನುಮಾನದಿಂದ ನೋಡಿ. ಕೆರೆ ದಡದಲ್ಲಿ ಪಂಪ್‌ಹೌಸ್ ಇದ್ದರೆ ಅಲ್ಲಿಗೆ ಕರೆಂಟ್ ಎಲ್ಲಿಂದಲೋ ಬಂದಿರಲೇಬೇಕು. ಆ ಲೈನ್ ಪತ್ತೆಯಾಗುವವರೆಗೆ ಬಕೆಟ್ ಮುಳುಗಿಸಬೇಡಿ.

6. ಅಂತರವನ್ನು ಬಕೆಟ್‌ನ ತಳದಿಂದ ಅಳೆಯಿರಿ. ಕಾಕ್‌ಪಿಟ್ ತಂತಿ ದಾಟಿದರೂ ಕೆಳಗೆ ತೂಗುವ ಬಕೆಟ್ ದಾಟಿರುವುದಿಲ್ಲ. 3,500 ಲೀಟರ್ ನೀರೆಂದರೆ ಮೂರೂವರೆ ಟನ್. ಆ ಭಾರ ಹೊತ್ತು ಥಟ್ಟನೆ ಮೇಲೇರಲಾಗದು. ಬಕೆಟ್ ಕಳಚುವ ಸ್ವಿಚ್ಚನ್ನು ಹಾರುವ ಮುನ್ನವೇ ಪರೀಕ್ಷಿಸಿ.

7. ಗೊತ್ತಿರುವ ತಂತಿಗೇ ಹೆಚ್ಚು ಹೆದರಿ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ಕೃಷಿ ವಿಮಾನಗಳ ಇಂಥ ಅಪಘಾತಗಳ ಬಗ್ಗೆ ಪ್ರತ್ಯೇಕ ವರದಿಯನ್ನೇ ತಂದಿದೆ: ತಂತಿ ಎಲ್ಲಿದೆ ಎಂದು ಪೈಲಟ್‌ಗೆ ಗೊತ್ತಿತ್ತು, ಆದರೂ ಬಡಿಯಿತು. ಕೆಲಸದ ಭರದಲ್ಲಿ ಅದು ಮರೆತುಹೋಗುತ್ತದೆ. ಅದಕ್ಕೇ ಪ್ರತಿ ಸುತ್ತಿನಲ್ಲೂ ಯಾರಾದರೂ ಬಾಯಿಬಿಟ್ಟು ಹೇಳಲಿ: "ತಂತಿ, ಎರಡು ಗಂಟೆಯ ದಿಕ್ಕು." ಪೈಲಟ್ ಅದನ್ನು ಮರುನುಡಿಯಲಿ. ತೀರಾ ಹೊಸಬನಿಗೂ ಈ ಕೂಗು ಹಾಕುವ ಹಕ್ಕಿದೆ.

8. ವೈರ್ ಕಟರ್ ಇದೆಯೆಂದು ಧೈರ್ಯ ಬೇಡ. ಮೂತಿಯ ಮೇಲೂ ಕೆಳಗೂ ಕೂರಿಸಿದ ಆ ಕತ್ತರಿ, ಮುನ್ನುಗ್ಗುವ ವೇಗದಲ್ಲಿ ತಂತಿ ಎದುರಿನಿಂದ ಸಿಕ್ಕಾಗ ಮಾತ್ರ ಕೆಲಸಕ್ಕೆ ಬರುತ್ತದೆ. ನಿಂತಲ್ಲೇ ತೇಲುವಾಗ, ಬಾಲದ ರೋಟರ್‌ಗೆ ತಂತಿ ತಗುಲಿದಾಗ ಅದರಿಂದ ಉಪಯೋಗವಿಲ್ಲ.

9. ನೆಲದ ತಂಡಕ್ಕೂ ಪಾಠ ಮಾಡಿ. ಹರಿದು ಬಿದ್ದ ತಂತಿ ಸತ್ತಿದೆ ಎಂದುಕೊಳ್ಳಬೇಡಿ. ಟ್ರಿಪ್ ಆದ ಲೈನಿಗೆ ಕರೆಂಟ್ ತಾನಾಗಿಯೇ ಮರಳಿ ಬರಬಹುದು. ಲೈನ್ ಆಫ್ ಆಗಿದೆ ಎಂದು ವಿದ್ಯುತ್ ಸಂಸ್ಥೆ ಖಚಿತಪಡಿಸುವವರೆಗೆ ಯಾರೂ ಹತ್ತಿರ ಸುಳಿಯಬಾರದು. ತಂತಿಗೆ ಸಿಕ್ಕಿ ನೆಲಕ್ಕೆ ಬಿದ್ದ ಹೆಲಿಕಾಪ್ಟರ್‌ನ ಒಳಗಿರುವವರು ಬೆಂಕಿ ಹೊತ್ತದ ಹೊರತು ಇಳಿಯಬಾರದು. ಇಳಿಯಲೇಬೇಕಾದರೆ ಹೆಲಿಕಾಪ್ಟರ್ ಮತ್ತು ನೆಲವನ್ನು ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಜಿಗಿದು, ಪಾದ ಎತ್ತದೆ ಎಳೆಯುತ್ತಾ ದೂರ ಸರಿಯಬೇಕು.

ತಂತಿಯ ಅನುಮಾನ ಬಂದು ನೀರು ಸುರಿಯದೆ ಮರಳಿದ ಪೈಲಟ್‌ಗೆ ಅಂಕ ಕಳೆಯುವ ತರಬೇತುದಾರ, ಮುಂದಿನ ಅಪಘಾತಕ್ಕೆ ಅವನನ್ನು ಸಿದ್ಧಗೊಳಿಸುತ್ತಿದ್ದಾನೆ. ಆ ನಿರ್ಧಾರಕ್ಕೆ ಪೂರ್ಣ ಅಂಕ ಕೊಡಿ.