ಕೊಲಂಬಿಯಾಕ್ಕೆ ಹೊರಟ ಮಗಳಿಗೆ ಹಳದಿ ಜ್ವರದ ಲಸಿಕೆ ಬೇಕೆ?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಹಳ್ಳಿ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಜನವರಿ ಕೊನೆಗೆ ಒಂದು ಸೆಮಿಸ್ಟರ್ ಓದಲು ಕೊಲಂಬಿಯಾದ ಬೊಗೊಟಾಕ್ಕೆ ಹೊರಟಿದ್ದಾಳೆ. ಅದು ತಂಪು ಊರು, ಸೊಳ್ಳೆಯಿಲ್ಲ, ವೀಸಾಕ್ಕೂ ಕೇಳಿಲ್ಲ, ಹಳದಿ ಜ್ವರದ ಲಸಿಕೆ ಯಾಕೆ ಎನ್ನುತ್ತಾರೆ ಕೆಲವರು. ಹಿಂದೆ ಮಂಗನ ಕಾಯಿಲೆಯ ಲಸಿಕೆ ಹಾಕಿಸಿದ್ದೇವೆ. ಅದು ಸಾಲದೆ?

ಉತ್ತರ: ಸಾಲದು, ಹಾಕಿಸಿ. ವೀಸಾ ಕೊಡುವವರು ಕೇಳದಿದ್ದರೂ ವಾಪಸು ಬರುವಾಗ ನಮ್ಮ ದೇಶವೇ ಕೇಳುತ್ತದೆ. ಹಳದಿ ಜ್ವರದ ಅಪಾಯವಿರುವ ದೇಶಗಳ ಭಾರತದ ಪಟ್ಟಿಯಲ್ಲಿ ಕೊಲಂಬಿಯಾ ಇದೆ. ಪೆರು, ಈಕ್ವೆಡಾರ್, ಬೊಲಿವಿಯಾಗಳೂ ಇವೆ. ಸ್ಪೇನ್, ಮೆಕ್ಸಿಕೊ, ಚಿಲಿ ಇಲ್ಲ. ಪಟ್ಟಿಯಲ್ಲಿರುವ ದೇಶಗಳಿಂದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಬಂದಿಳಿದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸೋಂಕು ತಗಲಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ದಿನ ಬೇಕು, ಆ ಲೆಕ್ಕದ ಮೇಲೆ ಬಂದ ನಿಯಮ ಇದು. ಇಷ್ಟು ಬಿಗಿ ಯಾಕೆಂದರೆ, ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಡೆಂಗಿ ಹರಡುವುದೂ ಅದೇ. ಸೆಮಿಸ್ಟರ್ ಮುಗಿಸಿ ಮಗಳು ಮನೆಗೆ ಬರುವ ಹೊತ್ತಿಗೆ ಮುಂಗಾರು ಶುರುವಾಗಿ, ಶಿರಸಿ-ಯಲ್ಲಾಪುರದ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತಿರುತ್ತದೆ. ಸೊಳ್ಳೆಗೆ ಬೇಕಾದ್ದು ಅಷ್ಟೇ. ಇಲ್ಲಿಯ ಜನರಲ್ಲಿ ಈ ಲಸಿಕೆ ಹಾಕಿಸಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ.

ಈ ಭಯ ನಿಮ್ಮ ಭಾಗಕ್ಕೆ ಹೊಸದಲ್ಲ. 1957ರಲ್ಲಿ, ನಿಮ್ಮ ತಾಲೂಕಿಗೆ ತಾಗಿಕೊಂಡೇ ಇರುವ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಜನಕ್ಕೂ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದೇ. ದಕ್ಷಿಣ ಅಮೆರಿಕದ ಕಾಡುಗಳಲ್ಲೂ ಆ ರೋಗದ ಮುನ್ಸೂಚನೆ ಮಂಗಗಳ ಸಾವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಉಣುಗಿನಿಂದ ಹರಡುವ ಬೇರೆಯೇ ವೈರಸ್ಸು, ಮಂಗನ ಕಾಯಿಲೆಯದು. ಎರಡೂ ಒಂದೇ ಕುಲದವು, ಡೆಂಗಿಯೂ ಹೌದು. ಆದರೆ ಕುಲ ಒಂದಾದ ಮಾತ್ರಕ್ಕೆ ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಮಂಗನ ಕಾಯಿಲೆಯ ಹಳೆಯ ಲಸಿಕೆ ಆ ಕಾಯಿಲೆಗೇ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ. 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಏಷ್ಯಾದಲ್ಲಿ ಹಳದಿ ಜ್ವರ ಎಂದೂ ಹರಡಿಲ್ಲವಲ್ಲ ಎಂದು ಕೇಳಬಹುದು. ನಿಜ. 2016ರಲ್ಲಿ ಅಂಗೋಲಾದಿಂದ ಚೀನಾಕ್ಕೆ ಮರಳಿದ 11 ಮಂದಿಯಲ್ಲಿ ಅದು ಕಂಡುಬಂದರೂ ಅಲ್ಲಿ ಹರಡಲಿಲ್ಲ. ಡೆಂಗಿಯಿಂದ ಬಂದ ಪ್ರತಿರೋಧ ನಮ್ಮನ್ನು ಕಾಯುತ್ತಿರಬಹುದು ಎಂಬ ವಾದವೂ ಇದೆ, ಸಾಬೀತಾಗಿಲ್ಲ. ಸಾಬೀತಾಗದ ವಾದವನ್ನು ನೆಚ್ಚಿ ಮಗಳನ್ನು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಬೊಗೊಟಾದ ಮಾತು ಅರ್ಧ ಸರಿ: ಸುಮಾರು 2,600 ಮೀಟರ್ ಎತ್ತರದಲ್ಲಿ ಈ ಸೊಳ್ಳೆ ನೆಲೆಸುವುದಿಲ್ಲ. ಆದರೆ ಇಪ್ಪತ್ತರ ಹುಡುಗಿ ರಜೆಯಲ್ಲೂ ಬೊಗೊಟಾದಲ್ಲೇ ಕೂತಿರುತ್ತಾಳೆಯೆ? ಬಸ್ಸು ಹತ್ತಿ ಕೆಲವು ತಾಸು ಇಳಿದರೆ ಬಿಸಿ ಕಣಿವೆ. ಬೊಗೊಟಾದಿಂದ ದೂರವಲ್ಲದ ತೊಲಿಮಾ ಪ್ರಾಂತದಲ್ಲಿ ಹಳದಿ ಜ್ವರ ಹಬ್ಬಿ 2025ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. (ಅರಿಶಿಣ ಕಾಮಾಲೆಗೆ ಕೊಡುವ ನಾಟಿ ಔಷಧವನ್ನು ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ.)

ಲಸಿಕೆಯಿಂದ ತೊಂದರೆಯೇ ಇಲ್ಲವೆನ್ನಲಾರೆ. ಇದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. ಕೆಲವರಿಗೆ ಕೆಲವು ದಿನ ಸಣ್ಣ ಜ್ವರ, ಮೈಕೈ ನೋವು ಬರುತ್ತದೆ. ಗಂಭೀರ ಪರಿಣಾಮ ತೀರಾ ಅಪರೂಪ. ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ಕಾಯಿಲೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ, ಗರ್ಭ ಇದ್ದರೆ ಮೊದಲೇ ಹೇಳಬೇಕು. ಹಾಕಿಸಲಾಗದವರಿಗೆ ವೈದ್ಯರು ವಿನಾಯಿತಿ ಪತ್ರ ಕೊಡುತ್ತಾರೆ. ಆರೋಗ್ಯವಾಗಿರುವ ಇಪ್ಪತ್ತರ ವಯಸ್ಸಿನಲ್ಲಿ ತೂಕ ಲಸಿಕೆಯ ಕಡೆಗೇ. ಹಣಕ್ಕೆ ಬರೀ ಪ್ರಮಾಣಪತ್ರ ಬರೆಸುವುದು ಅಪರಾಧವಷ್ಟೇ ಅಲ್ಲ, ಕಣಿವೆಯ ಸೊಳ್ಳೆಗೆ ಆ ಕಾಗದ ತೋರಿಸಲಾಗದು.

ಈ ಲಸಿಕೆ ತಾಲೂಕು ಆಸ್ಪತ್ರೆಯಲ್ಲಿ ಸಿಗದು; ಕೇಂದ್ರ ಆರೋಗ್ಯ ಸಚಿವಾಲಯ ಅನುಮೋದಿಸಿದ ಕೇಂದ್ರಗಳಲ್ಲಿ ಮಾತ್ರ, ಪಾಸ್‌ಪೋರ್ಟ್ ತೋರಿಸಿ ಹಾಕಿಸಬೇಕು. ಮಗಳು ಬೆಂಗಳೂರಿನಲ್ಲಿರುವುದರಿಂದ ಸುಲಭ. ಪ್ರಮಾಣಪತ್ರ 10 ದಿನಗಳ ನಂತರ ಊರ್ಜಿತವಾಗಿ, 2016ರ ಜುಲೈನಿಂದ ಜೀವನಪರ್ಯಂತ ಮಾನ್ಯ. ದಡಾರದ ಲಸಿಕೆಯೂ ಬಾಕಿಯಿದ್ದರೆ ಎರಡನ್ನೂ ಒಂದೇ ದಿನ, ಇಲ್ಲವೇ 4 ವಾರ ಬಿಟ್ಟು ಹಾಕಿಸಬೇಕು. ಹಾಗಾಗಿ ಡಿಸೆಂಬರ್ ಆರಂಭದಲ್ಲೇ ಲಸಿಕೆಗೆ ಹೋಗಲಿ. ಇನ್ನೊಂದು ವಿಷಯ: ಜನವರಿ ಎಂದರೆ ನಿಮ್ಮಲ್ಲಿ ಉಣುಗಿನ ಕಾಲ. ಹೊರಡುವ ಮುಂಚಿನ ದಿನಗಳಲ್ಲಿ ಅವಳು ಸೊಪ್ಪಿನ ಬೆಟ್ಟಕ್ಕೆ, ದರಕು ಗುಡಿಸಲು ಹೋಗುವುದು ಬೇಡ. ಹೋಗಲೇಬೇಕಾದರೆ ಉಣುಗು ತಡೆಯುವ ಡೆಪಾ ತೈಲ ಹಚ್ಚಿಕೊಳ್ಳಲಿ. ಮಂಗನ ಕಾಯಿಲೆ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಅಂದರೆ ಜ್ವರ ಬೊಗೊಟಾ ತಲುಪಿದ ಮೇಲೆ ಶುರುವಾಗಬಹುದು, ಅಲ್ಲಿಯ ವೈದ್ಯರು ಡೆಂಗಿಯೆಂದು ತಿಳಿಯಬಹುದು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳೂ ಇಂಥ ಜ್ವರಗಳ ರಕ್ತಪರೀಕ್ಷೆಯನ್ನು ಗೊಂದಲಗೊಳಿಸುತ್ತವೆ. ಲಸಿಕೆಯ ದಿನಾಂಕ, ಊರು, ಮಂಗನ ಕಾಯಿಲೆಯ ಹೆಸರನ್ನು ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಲಿ.