ಚಿನ್ನದ ಮೀನಿಗೆ ತಕ್ಕ ಜೊತೆಗಾರರು

ಗಾಜಿನ ತೊಟ್ಟಿಯಲ್ಲಿ ಚಿನ್ನದ ಮೀನನ್ನು, ಎಂದರೆ ಗೋಲ್ಡ್‌ಫಿಶ್ ಅನ್ನು, ಸಾಕುವ ಹವ್ಯಾಸವು ಉಡುಪಿ, ಮಣಿಪಾಲಗಳ ಮನೆಗಳಲ್ಲಿ ಅಪರೂಪವೇನಲ್ಲ. ಅದು ಒಂಟಿಯೆಂಬ ಕನಿಕರದಿಂದಲೋ, ತೊಟ್ಟಿ ಬರಿದಾಗಿ ಕಾಣುವುದೆಂಬ ಬೇಸರದಿಂದಲೋ ಬೇರೆ ಜಾತಿಯ ಮೀನುಗಳನ್ನು ತಂದು ಬಿಡುವುದುಂಟು. ಕೆಲವೇ ವಾರಗಳಲ್ಲಿ ಒಂದೆರಡು ಸತ್ತು ತೇಲಿದರೆ, ದೋಷವನ್ನು ಆಹಾರದ ಮೇಲೆ ಹೊರಿಸುವವರೇ ಹೆಚ್ಚು. ಜೊತೆಗಾರರ ಆಯ್ಕೆಯಲ್ಲಿಯೇ ದೋಷವಿದ್ದೀತೆಂದು ಯೋಚಿಸುವವರು ವಿರಳ.

ಚಿನ್ನದ ಮೀನು ಚೀನಾ ದೇಶದ ಕಾರ್ಪ್ ಕುಲದ್ದು. ಸುಂಗ್ ಅರಸರ ಕಾಲಕ್ಕಾಗಲೇ (960–1279) ಅಲ್ಲಿನವರು ಅದನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಅದಕ್ಕೆ ಹಿತವಾದ ಉಷ್ಣತೆಯು ಸುಮಾರು 18ರಿಂದ 23 ಡಿಗ್ರಿ ಸೆಂಟಿಗ್ರೇಡ್. ಉಷ್ಣವಲಯದ ಮೀನಿಗೆ ಹೀಟರ್ ಬೇಕು, ಚಿನ್ನದ ಮೀನಿಗೆ ಬೇಡ, ಆದುದರಿಂದ ಇವೆರಡನ್ನೂ ಕೂಡಿಸಬಾರದು ಎಂದು ಶೀತದೇಶಗಳ ಪುಸ್ತಕಗಳು ಹೇಳುತ್ತವೆ. ನಮ್ಮ ಕರಾವಳಿಯಲ್ಲಿ ಸ್ಥಿತಿಯೇ ಬೇರೆ. ಹೀಟರಿಲ್ಲದೆಯೇ ತೊಟ್ಟಿಯ ನೀರು 27–28 ಡಿಗ್ರಿಯಲ್ಲಿರುತ್ತದೆ. ಮೇ ತಿಂಗಳಿನಲ್ಲಿ 30ನ್ನು ಮುಟ್ಟುತ್ತದೆ. ಇಲ್ಲಿ ಅತಿಥಿಗೆ ಸುಖ. ಸೆಕೆಯಿಂದ ಬಳಲುವವನು ಮನೆಯ ಯಜಮಾನ!

ಈ ಬಳಲಿಕೆಯ ಕಾರಣವನ್ನು ಲೆಕ್ಕ ಹಾಕಿಯೇ ನೋಡೋಣ. 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 40 ಸೆಂಟಿಮೀಟರ್ ಎತ್ತರಕ್ಕೆ ನೀರಿದ್ದರೆ ಅದು 162 ಲೀಟರ್. 20 ಡಿಗ್ರಿಯಲ್ಲಿ ಲೀಟರೊಂದಕ್ಕೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕವು ಗಾಳಿಯಿಂದ ಕರಗಿ ನಿಲ್ಲಬಲ್ಲುದು. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ ಮಾತ್ರ. ಅಂದರೆ ಇಡೀ ತೊಟ್ಟಿಯ ಬಂಡವಾಳವು ಒಂದೂವರೆ ಗ್ರಾಮಿನಿಂದ ಒಂದೂಕಾಲು ಗ್ರಾಮಿಗೆ ಇಳಿಯುತ್ತದೆ. ಇತ್ತ ಮೀನಿನ ಖರ್ಚು ಏರುತ್ತದೆ. ಉಷ್ಣತೆಯು 10 ಡಿಗ್ರಿ ಹೆಚ್ಚಿದರೆ ಶೀತರಕ್ತದ ಪ್ರಾಣಿಯ ಆಮ್ಲಜನಕದ ಬೇಡಿಕೆಯು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಆದಾಯ ತಗ್ಗಿ ವೆಚ್ಚ ಹೆಚ್ಚಿದ ಮನೆಗೆ ನೆಂಟರನ್ನು ಕರೆಯುವಾಗ ಕೈ ಬಿಗಿಹಿಡಿಯಬೇಕಷ್ಟೆ. ಮೇಲೆ ಹೇಳಿದ ತೊಟ್ಟಿಯಲ್ಲಿ ಎರಡು, ಹೆಚ್ಚೆಂದರೆ ಮೂರು ಚಿನ್ನದ ಮೀನುಗಳು ಸಾಕೆಂದು ನಮ್ಮ ಅಭಿಪ್ರಾಯ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತಾಗ ಈ ಮಿತವ್ಯಯದ ಬೆಲೆ ತಿಳಿಯುತ್ತದೆ. ಆಮ್ಲಜನಕವು ಒಳಸೇರುವುದು ನೀರಿನ ಮೇಲ್ಮೈಯಿಂದ. ಆದಕಾರಣ ಕಂಠದವರೆಗೆ ತುಂಬಿದ ಗುಂಡು ಗಾಜಿನ ಪಾತ್ರೆಯು ಯಾವ ಮೀನಿಗೂ ಯೋಗ್ಯವಲ್ಲ.

ಫ್ಯಾನಿನ ಗಾಳಿ ಹಾಯಿಸಿ ನೀರನ್ನು ತಂಪಾಗಿಸಬಹುದಲ್ಲವೆ ಎಂದು ವಾಚಕರು ಕೇಳಬಹುದು. ಆಗಬಹುದು, ಆದರೆ ಮಣ್ಣಿನ ಹೂಜಿಯು ಬಳ್ಳಾರಿಯಲ್ಲಿ ತಂಪಾಗಿಸಿದಷ್ಟು ಕಾಪುವಿನಲ್ಲಿ ತಂಪಾಗಿಸದು. ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಆವಿಯಾಗುವಿಕೆ ಮಂದವಾಗುತ್ತದೆ.

ಇನ್ನು ಆಯ್ಕೆ. ಚಿನ್ನದ ಮೀನಿಗೆ ಅತ್ಯುತ್ತಮ ಸಂಗಾತಿಯು ಇನ್ನೊಂದು ಚಿನ್ನದ ಮೀನೇ. ಅಲ್ಲಿಯೂ ಒಂದು ಭೇದವನ್ನು ಗಮನಿಸಬೇಕು. ನೀಳದೇಹದ, ಒಂಟಿಬಾಲದ ಕಾಮೆಟ್ ಬಾಣದಂತೆ ನೀರನ್ನು ಸೀಳುತ್ತದೆ. ಗುಂಡುದೇಹದ, ಜೋಡಿಬಾಲದ ಒರಾಂಡಕ್ಕೆ ನೀರಿನ ತಡೆ ಬಹಳ. ಒರಾಂಡವು ತಲಪುವಷ್ಟರಲ್ಲಿ ಕಾಮೆಟ್ ಊಟ ಮುಗಿಸಿರುತ್ತದೆ! ವೇಗದಲ್ಲಿ ಸಮಾನರಾದವರನ್ನೇ ಜೊತೆಗಿಡುವುದು ಲೇಸು.

ಅನ್ಯಜಾತಿಯನ್ನು ಕೂಡಿಸಲೇಬೇಕೆಂದರೆ, ಬಾಯೊಳಗೆ ಹಿಡಿಸುವಷ್ಟು ಚಿಕ್ಕದೆಲ್ಲವೂ ಚಿನ್ನದ ಮೀನಿಗೆ ಆಹಾರವೆಂಬುದನ್ನು ಮರೆಯಬಾರದು. ನಿಯಾನ್ ಟೆಟ್ರಾ ಇದಕ್ಕೆ ಸುಲಭದ ತುತ್ತು. ಟೈಗರ್ ಬಾರ್ಬ್ ಉದ್ದ ಈಜುರೆಕ್ಕೆಗಳನ್ನು ಕಚ್ಚುತ್ತದೆ. ಚುರುಕಾದ ಜೀಬ್ರಾ ಡೇನಿಯೊ ಗುಂಪಾಗಿದ್ದರೆ ಮಟ್ಟಿಗೆ ಹೊಂದಿಕೊಳ್ಳುತ್ತದೆ. ಆದರೆ ಅದು ಬೆಳೆಯುವುದು ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ, ಆದುದರಿಂದ ದೊಡ್ಡ ಚಿನ್ನದ ಮೀನಿನೊಡನೆ ಅದಕ್ಕೂ ಅಪಾಯವಿದೆ.

ತೊಟ್ಟಿಯನ್ನು ಶುಚಿಗೊಳಿಸುವುದೆಂಬ ಹೆಸರಿನಲ್ಲಿ ಮಾರಾಟವಾಗುವ ಸಕರ್ ಮೀನಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ದಕ್ಷಿಣ ಅಮೆರಿಕದ ಈ ಮೀನು ಎಳೆಯದಿರುವಾಗ ಪಾಚಿ ತಿನ್ನುವುದು ನಿಜ. ಬೆಳೆದಂತೆ ಒಂದಡಿಗೂ ಮಿಕ್ಕು ಉದ್ದವಾಗುತ್ತದೆ. ರಾತ್ರಿ ಹೊತ್ತು ಮಂದಗತಿಯ ಚಿನ್ನದ ಮೀನಿನ ಮೈಗೆ ಅಂಟಿ ಅದರ ಲೋಳೆಯ ಪದರವನ್ನು ಕೆರೆಯುವುದೂ ಉಂಟು. ಆ ಪದರವೇ ಮೀನಿಗೆ ರೋಗಾಣುಗಳಿಂದ ರಕ್ಷಣೆ. ಅಲ್ಲದೆ ಸಕರ್ ಮೀನಿನ ಮಲವೂ ಅದೇ ನೀರಿಗೆ ಸೇರುವುದರಿಂದ ಶುಚಿತ್ವದ ವಾದವೂ ನಿಲ್ಲದು.

ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಚಿನ್ನದ ಮೀನಿಗೆ ಇದಕ್ಕಿಂತ ಗಡುಸಾದ ನೀರು ಒಗ್ಗುತ್ತದೆ. ಕಾಪುವಿನ ಕಡಲತೀರದ ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಉಪ್ಪು ಹೋಗುವಂತೆ ನೆನೆಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿಟ್ಟರೆ ಸುಣ್ಣವು ಮೆಲ್ಲನೆ ಕರಗುತ್ತದೆ. ಆದರೆ ಆಮ್ಲೀಯತೆ ಕಳೆದು ನೀರು ಕ್ಷಾರದತ್ತ ವಾಲಿದಂತೆ ಮೀನಿನ ಮಲದಿಂದಾದ ಅಮೋನಿಯವು ಹೆಚ್ಚು ವಿಷಕಾರಿಯಾಗುತ್ತದೆ. ಮೀನುಗಳು ಕಿಕ್ಕಿರಿದ ತೊಟ್ಟಿಗೆ ಈ ಉಪಾಯ ಸಲ್ಲದು.

ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೊಂದು ಟಬ್ಬಿನಲ್ಲಿರಿಸಿ, ಮೈಮೇಲೆ ಬಿಳಿಚುಕ್ಕೆಗಳು ಮೂಡುವುದಿಲ್ಲವೆಂದು ಖಚಿತವಾದ ಬಳಿಕವೇ ತೊಟ್ಟಿಗೆ ಬಿಡತಕ್ಕದ್ದು. ಹೊಂದಿಕೊಳ್ಳದ ಮೀನನ್ನು ಮಾತ್ರ ಕಾರ್ಕಳದ ಆನೆಕೆರೆಗಾಗಲಿ, ಸ್ವರ್ಣಾ ನದಿಗಾಗಲಿ ಬಿಡಬಾರದು. ಹೀಗೆ ಹೊರಬಿದ್ದ ಸಕರ್ ಮೀನುಗಳು ಕೇರಳ, ಆಂಧ್ರಪ್ರದೇಶಗಳ ಜಲಾಶಯಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ಅವುಗಳ ಮುಳ್ಳುಮೈಗೆ ಸಿಕ್ಕಿ ಬೆಸ್ತರ ಬಲೆಗಳೂ ಹರಿಯುತ್ತವೆ. ಹೆಚ್ಚಾದ ಮೀನನ್ನು ಅಂಗಡಿಯವರಿಗೆ ಮರಳಿಸಬಹುದು, ಇಲ್ಲವೆ ದೊಡ್ಡ ತೊಟ್ಟಿಯುಳ್ಳ ಮಿತ್ರರಿಗೆ ಕೊಡಬಹುದು.